ಯಾವ ಅಂಕ ಯಾವ ಸೀಟಿಗೆ

ಪದವಿ ಮತ್ತು ವೃತ್ತಿಪರ ಕೋರ್ಸುಗಳಿಗೆ ಅರ್ಜಿ ಹಾಕುವಾಗ ಯಾವ ಪರೀಕ್ಷೆಯ ಅಂಕವನ್ನು ಮುಂದಿಡಬೇಕು, ಯಾವುದನ್ನು ಬಿಟ್ಟರೆ ನಡೆಯುತ್ತದೆ ಎಂಬ ಪ್ರಶ್ನೆ ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳಿರುವ ಪ್ರತಿ ಮನೆಯಲ್ಲೂ ಏಳುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಮನೆಯ ಮೊದಲ ಪದವೀಧರರಾಗಲು ಹೊರಟವರೇ ಬಹಳ ಮಂದಿ. ಕೇಳಿ ತಿಳಿಯಲು ಅವರಿಗೆ ಅಣ್ಣ ಅಕ್ಕಂದಿರ ಅನುಭವ ಇರುವುದಿಲ್ಲ. ಇಂಥ ಒಬ್ಬ ಪಾಲಕ ಮತ್ತು ಪದವಿಪೂರ್ವ ಕಾಲೇಜಿನ ಒಬ್ಬ ವಿಜ್ಞಾನ ಉಪನ್ಯಾಸಕರ ನಡುವಿನ ಸಂವಾದದಲ್ಲಿ ಈ ವಿಷಯವನ್ನು ಇಲ್ಲಿ ಬಿಡಿಸಿದೆ.

ಪಾಲಕ: ಸರ, ಸಿಇಟಿ ರಿಸಲ್ಟ್ ಬಂದ ಮರುದಿನಾನ ನಮ್ಮ ಕಡೆ ಅರ್ಧ ಹುಡುಗೂರು ಕೈಚೆಲ್ಲಿ ಕುಂದರ್ತಾರ. ರ‍್ಯಾಂಕ್ ಲಕ್ಷ ದಾಟಿದ್ರ ಮುಗೀತು ಅಂತಾರ. ಇಂಥಾ ಅಂಕ ಇಟ್ಕೊಂಡು ಮುಂದಿಂದು ತುಂಬೂದ್ರಾಗ ಅರ್ಥ ಏನದರಿ?

ಉಪನ್ಯಾಸಕ: ಲಕ್ಷ ಎಂದರೆ ಎಷ್ಟರಲ್ಲಿ ಲಕ್ಷ ಎಂದು ಮೊದಲು ನೋಡಬೇಕು. 2024 ಮತ್ತು 2025ರಲ್ಲಿ ಎಂಜಿನಿಯರಿಂಗ್‌ಗೆ ರ‍್ಯಾಂಕ್ ಪಡೆದವರು ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ. ಹಾಗಿದ್ದ ಮೇಲೆ ಲಕ್ಷದ ಆಸುಪಾಸಿನ ವಿದ್ಯಾರ್ಥಿ ಅರ್ಧಕ್ಕಿಂತ ಮೇಲೆಯೇ ಇದ್ದಾನೆ. ಇನ್ನು ಅಂಕ ಸಲ್ಲಿಸುವುದೋ ಬಿಡುವುದೋ ಎಂಬ ಮಾತಿಗೆ ಬಂದರೆ, ಕರ್ನಾಟಕದಲ್ಲಿ ಅಂಕವನ್ನು ಬೇಕೆಂದು ಮುಚ್ಚಿಡುವ ಅವಕಾಶ ಹೆಚ್ಚಿಲ್ಲ. ರಾಜ್ಯ ಪಠ್ಯಕ್ರಮದಲ್ಲಿ ಓದಿದವರ ಪಿಯು ಅಂಕಗಳು ನೋಂದಣಿ ಸಂಖ್ಯೆಯ ಮೂಲಕ ಮಂಡಳಿಯಿಂದ ನೇರವಾಗಿ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೋಗುತ್ತವೆ. ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳು ತಾವೇ ದಾಖಲಿಸಬೇಕು, ದಾಖಲಿಸದಿದ್ದರೆ ರ‍್ಯಾಂಕ್ ಬರುವುದಿಲ್ಲ. ನಮ್ಮಲ್ಲಿ ನಿಜವಾಗಿ ಅಂಕ ಕೈಬಿಟ್ಟುಹೋಗುವುದು ಬೇರೆ ಕಡೆ: ದಾಖಲೆ ಪರಿಶೀಲನೆಗೆ ಹೋಗದಿರುವುದು, ಬೇಕಾದ ಕಾಲೇಜು, ಕೋರ್ಸು ಆಯ್ದು ಆಪ್ಷನ್ ಎಂಟ್ರಿ ಮಾಡದಿರುವುದು, ಅರ್ಜಿಯಲ್ಲಿ ಕೇಳಬೇಕಾದ ಮೀಸಲಾತಿ ಕೇಳದಿರುವುದು. ತನಗೆ ಸಿಗುವುದಿಲ್ಲ ಎಂದು ವಿದ್ಯಾರ್ಥಿ ತಾನೇ ತೀರ್ಪು ಕೊಟ್ಟುಕೊಂಡರೆ, ಪ್ರಾಧಿಕಾರದ ಕಂಪ್ಯೂಟರಿಗೆ ಅವನ ರ‍್ಯಾಂಕ್ ಇದ್ದೂ ಇಲ್ಲದಂತೆ.

ಪಾಲಕ: ಸಿಇಟಿ ಒಂದರ ಮ್ಯಾಲೇ ಎಲ್ಲಾ ನಿಂತದ ಅಂತ ತಿಳಕೊಂಡೇವ್ರಿ. ಅದಕ್ಕ ಜನವರಿಯಿಂದ ಕಾಲೇಜು ಬಿಟ್ಟು ಕೋಚಿಂಗ್ ಹಿಡೀತಾರ.

ಉಪನ್ಯಾಸಕ: ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯು ಅಂಕದ್ದು, ಇನ್ನರ್ಧ ಸಿಇಟಿಯದ್ದು. ಪಿಯುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300 ಅಂಕ. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180. ಎರಡನ್ನೂ ಶೇಕಡಾವಾರಿಗೆ ತಂದು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಒಬ್ಬಳಿಗೆ ಪಿಯುವಿನಲ್ಲಿ 270, ಸಿಇಟಿಯಲ್ಲಿ 81 ಬಂದಿದೆ ಎನ್ನಿ. ಶೇ 90 ಮತ್ತು ಶೇ 45, ಸರಾಸರಿ 67.5. ಇನ್ನೊಬ್ಬನಿಗೆ ಪಿಯುವಿನಲ್ಲಿ 225, ಸಿಇಟಿಯಲ್ಲಿ 108. ಶೇ 75 ಮತ್ತು ಶೇ 60, ಸರಾಸರಿ ಅಷ್ಟೇ, 67.5. ಸಿಇಟಿ ಅಂಕ ಮಾತ್ರ ನೋಡಿದವರು ಎರಡನೆಯವನು ಎಷ್ಟೋ ಮುಂದಿದ್ದಾನೆ ಎಂದುಕೊಳ್ಳುತ್ತಾರೆ, ಆದರೆ ಇಬ್ಬರೂ ಸಮ. ಲೆಕ್ಕ ಇಷ್ಟೇ: ಪಿಯುವಿನ 5 ಅಂಕ ಸಿಇಟಿಯ 3 ಅಂಕಕ್ಕೆ ಸಮ. ತಾಲ್ಲೂಕಿನ ಕಾಲೇಜಿನಲ್ಲಿ ಪಠ್ಯಪುಸ್ತಕ ಚೆನ್ನಾಗಿ ಓದಿ ಬರೆದು ಪಡೆಯುವ ಅಂಕ, 80 ನಿಮಿಷದಲ್ಲಿ 60 ಪ್ರಶ್ನೆಗೆ ಗುರುತು ಹಾಕಿ ಪಡೆಯುವ ಅಂಕಕ್ಕಿಂತ ನಮ್ಮ ಮಕ್ಕಳಿಗೆ ಹೆಚ್ಚು ಕೈಗೆಟಕುತ್ತದೆ. ಕೋಚಿಂಗ್ ಬೆನ್ನುಹತ್ತಿ ಪಿಯು ಕೈಬಿಡುವುದು ಈ ಕಾರಣಕ್ಕೆ ದೊಡ್ಡ ನಷ್ಟ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು ಎಂಬುದೂ ನೆನಪಿರಲಿ.

ಪಾಲಕ: ಪಿಯು ಅಂಕ ಸೇರಿಸೂದು ನ್ಯಾಯ ಅಂತೀರಾ? ಒಂದೊಂದು ಕಾಲೇಜಿನ್ಯಾಗ ಅಂಕ ಧಾರಾಳ ಬೀಳ್ತಾವ ಅಂತ ಮಂದಿ ಮಾತಾಡ್ತಾರ.

ಉಪನ್ಯಾಸಕ: ಅದೇ ಪ್ರಶ್ನೆ ಹೈಕೋರ್ಟಿನವರೆಗೂ ಹೋಗಿತ್ತು. 2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ ಅಂಕ, ಪ್ರಥಮ ಪಿಯು ಅಂಕ ಮತ್ತು ಆಂತರಿಕ ಮೌಲ್ಯಮಾಪನ ಸೇರಿಸಿ ಎಲ್ಲರನ್ನೂ ಪಾಸು ಮಾಡಿದರು. 2,239 ಮಂದಿಗೆ 600ಕ್ಕೆ 600 ಬಂತು. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯು ಅಂಕ ಸೇರಿಸದೆ ಸಿಇಟಿ ಅಂಕವನ್ನಷ್ಟೇ ಹಿಡಿದರು. ಎಲ್ಲರಿಗೂ ಒಂದೇ ನಿಯಮವಿತ್ತು. ತೊಡಕು ಎದ್ದದ್ದು 2022ರಲ್ಲಿ. ಹಿಂದಿನ ವರ್ಷ ಪಾಸಾಗಿದ್ದ ಸುಮಾರು 24 ಸಾವಿರ ಮಂದಿ ಮತ್ತೊಮ್ಮೆ ಸಿಇಟಿ ಬರೆದರು. ಅವರ ಪಿಯು ಅಂಕ ಪರೀಕ್ಷೆ ಬರೆದು ಬಂದದ್ದಲ್ಲ ಎಂಬ ಕಾರಣಕ್ಕೆ ಪ್ರಾಧಿಕಾರ ಅದನ್ನು ಬಿಟ್ಟು ರ‍್ಯಾಂಕ್ ಕೊಟ್ಟಿತು. ಹೊಸಬರಿಗೆ ಎರಡೂ ಅಂಕ, ಇವರಿಗೆ ಒಂದೇ. ಪಿಯುವಿನಲ್ಲಿ ಶೇ 90ಕ್ಕೂ ಹೆಚ್ಚು ಇದ್ದವರು ಪಟ್ಟಿಯಲ್ಲಿ ಕೆಳಕ್ಕೆ ಜಾರಿದರು.

ಪಾಲಕ: ಕೋರ್ಟು ಏನಂತು?

ಉಪನ್ಯಾಸಕ: ಸೆಪ್ಟೆಂಬರ್ 2022ರಲ್ಲಿ ಏಕಸದಸ್ಯ ಪೀಠ ಅವರ ಪಿಯು ಅಂಕವನ್ನೂ ಸಮನಾಗಿ ಹಿಡಿಯಬೇಕೆಂದಿತು. ಹಾಗೆ ಮಾಡಿದರೆ ಪರೀಕ್ಷೆ ಬರೆದು ಅಂಕ ಪಡೆದ ಹೊಸಬರಿಗೆ ಪೆಟ್ಟು ಬೀಳುತ್ತಿತ್ತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ 2021ರ ಪಿಯು ಅಂಕದಲ್ಲಿ ಸರಾಸರಿ ಶೇ 6ರಷ್ಟು ಕಳೆದು ಉಳಿದದ್ದನ್ನು ಸಿಇಟಿ ಜೊತೆ ಸೇರಿಸುವ ಸೂತ್ರಕ್ಕೆ ವಿಭಾಗೀಯ ಪೀಠ ಒಪ್ಪಿತು. ಪೂರ್ಣ ನ್ಯಾಯ ಎನ್ನಲಾಗದಿದ್ದರೂ ಸರಿಯಾದ ದಾರಿ ಅದು. ಒಂದು ಅಂಕ ಪೂರ್ತಿ ನಂಬಿಕೆಗೆ ಅರ್ಹವಲ್ಲ ಎಂದು ಅದನ್ನು ಎಸೆಯುವ ಬದಲು ಅದರ ತೂಕವನ್ನು ಸ್ವಲ್ಪ ಇಳಿಸಿ ಲೆಕ್ಕಕ್ಕೆ ಹಿಡಿದರು. ಸಿಇಟಿಯೂ ತೊಡಕಿಲ್ಲದ ಪರೀಕ್ಷೆಯೇನಲ್ಲ. ಏಪ್ರಿಲ್ 2024ರ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಪಾಠಗಳಿಂದ ಪ್ರಶ್ನೆಗಳು ಬಂದು, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆಯಬೇಕಾಯಿತು. ಎರಡು ಪರೀಕ್ಷೆ ಕೂಡಿಸುವ ಪದ್ಧತಿಯಲ್ಲಿ ಒಂದರ ಕುಂದು ಇನ್ನೊಂದರಿಂದ ಅಷ್ಟಿಷ್ಟು ತುಂಬುತ್ತದೆ.

ಪಾಲಕ: ಈಗ ಪಿಯು ಪರೀಕ್ಷೆ ಮೂರು ಸಲ ಅದಾವಲ್ರಿ. ಒಮ್ಮೆ ಪಾಸಾದವರು ಮತ್ತ ಬರೆದು ಅಂಕ ಕಡಿಮಿ ಬಂದ್ರ?

ಉಪನ್ಯಾಸಕ: ಕಳೆದುಕೊಳ್ಳುವುದು ಏನೂ ಇಲ್ಲ. 2023-24ರಿಂದ ಪರೀಕ್ಷೆ-1, 2, 3 ಎಂದು ನಡೆಯುತ್ತಿದ್ದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ರಸಾಯನಶಾಸ್ತ್ರದಲ್ಲಿ 58 ಬಂದವಳು ಪರೀಕ್ಷೆ-2ರಲ್ಲಿ 76 ಪಡೆದರೆ ಹೆಚ್ಚಾದದ್ದು 18. ನಮ್ಮ ಲೆಕ್ಕದ ಪ್ರಕಾರ ಅದು ಸಿಇಟಿಯ ಸುಮಾರು 11 ಅಂಕಕ್ಕೆ ಸಮ. ಅಷ್ಟರಲ್ಲಿ ರ‍್ಯಾಂಕ್ ಸಾವಿರಗಟ್ಟಲೆ ಮೇಲೇರಬಹುದು. ಆದರೆ ಎರಡನೇ ಪರೀಕ್ಷೆಯ ಅಂಕ ಆ ವರ್ಷದ ರ‍್ಯಾಂಕಿಗೆ ಸೇರಬೇಕಾದರೆ ಯಾವ ದಿನಾಂಕದೊಳಗೆ ಏನು ಮಾಡಬೇಕು ಎಂಬುದನ್ನು ಪ್ರಾಧಿಕಾರದ ಆಯಾ ವರ್ಷದ ಪ್ರಕಟಣೆಯಲ್ಲೇ ಓದಬೇಕು. ಮಕ್ಕಳು ಎಡವುವುದು ಅಲ್ಲಿ.

ಪಾಲಕ: ಡಾಕ್ಟರ್ ಆಗಬೇಕನ್ನೋರಿಗೂ ಇದೇ ಲೆಕ್ಕ ಏನ್ರಿ?

ಉಪನ್ಯಾಸಕ: ಅಲ್ಲಿ ಪಿಯು ಅಂಕ ಅರ್ಹತೆಗೆ ಮಾತ್ರ: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40. ಅದು ದಾಟಿದ ಮೇಲೆ 720 ಅಂಕದ ನೀಟ್ ಒಂದೇ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತದೆ, ಕನ್ನಡದಲ್ಲೂ ಬರೆಯಬಹುದು. ಆದರೆ ನೀಟ್ ಬರೆದರೆ ಸಾಕು, ಸೀಟು ತಾನಾಗಿ ಬರುತ್ತದೆ ಎಂದು ತಿಳಿದವರು ಇನ್ನೂ ಇದ್ದಾರೆ. ರಾಜ್ಯದ ಪಾಲಿನ ಸೀಟು ಬೇಕಿದ್ದರೆ ಪರೀಕ್ಷಾ ಪ್ರಾಧಿಕಾರದಲ್ಲಿ ಬೇರೆಯಾಗಿ ನೋಂದಾಯಿಸಿ ನೀಟ್ ವಿವರ ದಾಖಲಿಸಬೇಕು. ವಿಜಯಪುರ ಊರೊಳಗೇ ಉದಾಹರಣೆ ಇದೆ. ಅಲ್ ಅಮೀನ್ ವೈದ್ಯಕೀಯ ಕಾಲೇಜಿನ ಸರ್ಕಾರಿ ಕೋಟಾದ ಸೀಟಿಗೆ ರಾಜ್ಯದ ಕೌನ್ಸೆಲಿಂಗ್. ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಅಲ್ಲಿಯದಕ್ಕೆ ದಿಲ್ಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಅಂಕ ಒಂದೇ ಆದರೂ ಒಂದೇ ಊರಿನ ಎರಡು ಕಾಲೇಜಿಗೆ ಎರಡು ಕಡೆ ಅರ್ಜಿ ಹಾಕಬೇಕು.

ಪಾಲಕ: ಜೆಇಇ, ಕಾಮೆಡ್‌ಕೆ ಎಲ್ಲಾ ಬರೀಬೇಕೇನ್ರಿ? ಒಂದೊಂದಕ್ಕೂ ರೊಕ್ಕ ಕಟ್ಟಬೇಕಲ್ಲ.

ಉಪನ್ಯಾಸಕ: ಎಲ್ಲವನ್ನೂ ಬರೆಯಬೇಕಾಗಿಲ್ಲ. ಸುರತ್ಕಲ್‌ನ ಎನ್ಐಟಿ, ಧಾರವಾಡದ ಐಐಟಿಯ ಆಸೆ ಇದ್ದವರು ಜೆಇಇ ಬರೆಯಬೇಕು. ಜೆಇಇ ಮೇನ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಎರಡೂ ಬರೆದರೆ ಉತ್ತಮವಾದದ್ದನ್ನೇ ಹಿಡಿಯುತ್ತಾರೆ. ಕಾಮೆಡ್‌ಕೆ ಮೂಲಕ ಸಿಗುವುದು ಖಾಸಗಿ ಕಾಲೇಜಿನ ಸೀಟು. ಅದರ ಶುಲ್ಕ ಕಟ್ಟಲು ಮನೆಯಲ್ಲಿ ಶಕ್ತಿ ಇಲ್ಲವೆಂದು ಮೊದಲೇ ಗೊತ್ತಿದ್ದರೆ ಆ ಅರ್ಜಿಯ ಹಣ ಉಳಿಸುವುದು ಲೇಸು. ಬಿಎ, ಬಿಎಸ್‌ಸಿ, ಬಿಕಾಂಗೆ ಇವು ಯಾವುವೂ ಬೇಡ, ಪಿಯು ಅಂಕವೇ ಸಾಕು. ಜಿಲ್ಲೆಯ ಬಹುಪಾಲು ಪದವಿ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ಹೆಣ್ಣುಮಕ್ಕಳಿಗೆ ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಮಾತ್ರ 2022ರಲ್ಲಿ ಬಂದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ನಮ್ಮ ಭಾಗದಲ್ಲಿ ಆ ಹೆಸರೇ ಕೇಳದ ಮಕ್ಕಳಿದ್ದಾರೆ.

ಪಾಲಕ: ನಮ್ಮದು ಒಕ್ಕಲುತನದ ಮನೆ. ಬಿಎಸ್‌ಸಿ ಅಗ್ರಿ ಆದ್ರ ಹುಡುಗೂರಿಗೆ ಚಲೋ ಅಂತ ಭಾಳ ಮಂದಿ ಅಂತಾರ.

ಉಪನ್ಯಾಸಕ: ಈ ನಾಲ್ಕು ತಾಲ್ಲೂಕಿನ ಮಕ್ಕಳು ತಾವಾಗಿಯೇ ಮುಂದಿರುವ ಕಡೆ ಇದೊಂದು. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆಂದೇ ಸೀಟು ಮೀಸಲಿದೆ. ಅದನ್ನು ಕೇಳಿದವರಿಗೆ ಪಿಯು ಮತ್ತು ಸಿಇಟಿ ಅಂಕದ ಜೊತೆಗೆ ಕೃಷಿ ಪ್ರಾಯೋಗಿಕ ಪರೀಕ್ಷೆಯ ಅಂಕವೂ ಸೇರುತ್ತದೆ. ಮೇಜಿನ ಮೇಲೆ ಬೀಜ, ಕಳೆ, ಗೊಬ್ಬರ, ಉಪಕರಣ ಇಟ್ಟಿರುತ್ತಾರೆ, ಗುರುತಿಸಿ ಹೇಳಬೇಕು. ಇಂಡಿ ಕಡೆ ಲಿಂಬೆ ತೋಟದಲ್ಲಿ ಆಡಿ ಬೆಳೆದವಳಿಗೆ, ಸಿಂದಗಿಯ ಎರೆಹೊಲದಲ್ಲಿ ತೊಗರಿ, ಬಿಳಿಜೋಳ, ಕುಸುಬಿ ನೋಡಿದವನಿಗೆ, ಕೂರಿಗೆ ಹಿಡಿದ ಕೈಗೆ ಅದು ಕಷ್ಟದ ಪರೀಕ್ಷೆಯಲ್ಲ. ಸಿಇಟಿ ರ‍್ಯಾಂಕ್ ನೋಡಿ ಬೇಸರಪಟ್ಟು ಈ ಪ್ರಾಯೋಗಿಕ ಪರೀಕ್ಷೆಗೆ ಹೋಗದೆ ಉಳಿದವರು ತಮ್ಮ ಅತಿ ದೊಡ್ಡ ಬಲವನ್ನೇ ಮನೆಯಲ್ಲಿ ಬಿಟ್ಟಂತೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ವಿಜಯಪುರದ ಹಿಟ್ಟಿನಹಳ್ಳಿಯಲ್ಲೇ ಇದೆ. ಅರ್ಜಿಯಲ್ಲಿ ರೈತ ಕೋಟಾದ ಕಾಲಂ ತುಂಬಿ ತಕ್ಕ ಪ್ರಮಾಣಪತ್ರ ಕೊಟ್ಟವರಿಗಷ್ಟೇ ಇದು.

ಪಾಲಕ: ಕಾಲಂ ತುಂಬೂದಂದ್ರ ನೆನಪಾತು. ಗ್ರಾಮೀಣ ಮೀಸಲಾತಿ ಅಂತಾರಲ್ಲ, ಹಳ್ಳಿಯವರಿಗೆಲ್ಲಾ ಅದು ತಾನಾಗೇ ಸಿಗ್ತದಲ್ರಿ?

ಉಪನ್ಯಾಸಕ: ಕೇಳಿದವರಿಗೆ ಮಾತ್ರ ಸಿಗುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯನ್ನು ಪ್ರಾಧಿಕಾರ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಅದರಲ್ಲಿ ಪ್ರವರ್ಗ 2ಎ ಇದ್ದರೆ ಮೂರು ಅಂಕಣ ಕಾಣುತ್ತವೆ: 2ಎಜಿ, 2ಎಕೆ, 2ಎಆರ್. ಜಿ ಎಂದರೆ ಸಾಮಾನ್ಯ, ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ. ಒಂದೇ ಕಾಲೇಜು, ಒಂದೇ ವಿಭಾಗ, ಆದರೂ ಕೊನೆಯ ಸೀಟು ಸಿಕ್ಕ ರ‍್ಯಾಂಕ್ ಮೂರರಲ್ಲೂ ಬೇರೆ ಬೇರೆ. ವಿದ್ಯಾರ್ಥಿ ತನ್ನ ರ‍್ಯಾಂಕನ್ನು ತನ್ನ ಅಂಕಣದ ಸಂಖ್ಯೆಗೆ ಹೋಲಿಸಬೇಕು. ಮಕ್ಕಳು ಸಾಮಾನ್ಯ ವರ್ಗದ ಅಂಕಣ ನೋಡಿ ಎದೆಗುಂದುತ್ತಾರೆ.

ಪಾಲಕ: ಇಂಡಿ ಸಾಲ್ಯಾಗ ಒಂದೆರಡು ವರ್ಷ ಕಲ್ತಿದ್ರ ನಡೀತದೇನ್ರಿ? ಹಳ್ಯಾಗ ಹೈಸ್ಕೂಲು ಇಲ್ಲದಕ್ಕ ಕಳಸಿರ್ತಾರ.

ಉಪನ್ಯಾಸಕ: ನಡೆಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಪಟ್ಟಣಗಳು. ಅಲ್ಲಿ ಒಂದೇ ವರ್ಷ ಓದಿದ್ದರೂ ಗ್ರಾಮೀಣ ಮೀಸಲಾತಿ ಕೇಳುವಂತಿಲ್ಲ. ಕೇಳಿ ಸೀಟು ಪಡೆದರೂ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಸೀಟು ರದ್ದಾಗುತ್ತದೆ. ಸಲ್ಲಿಸಬಾರದ್ದು ಎಂದು ಖಚಿತವಾಗಿ ಹೇಳಬಹುದಾದ್ದು ಇದೊಂದೇ, ತನ್ನದಲ್ಲದ ಹಕ್ಕು. ಆದರೆ ಅಂಥ ವಿದ್ಯಾರ್ಥಿ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಶೇ 5 ಅವನಿಗುಂಟು. ಗ್ರಾಮೀಣ ಸಿಗಲಿಲ್ಲವೆಂದು ಅದನ್ನೂ ಬಿಟ್ಟುಬಿಡುತ್ತಾರೆ.

ಪಾಲಕ: ಜೇವರ್ಗಿ, ಹುಣಸಗಿ ಕಡೆಯವರಿಗೆ 371 ಜೆ ಅಂತ ಅದ. ನಮಗ್ಯಾಕಿಲ್ರಿ? ನಡುವ ಒಂದು ಹಳ್ಳ ಅಷ್ಟ ಅದ.

ಉಪನ್ಯಾಸಕ: ಸಂವಿಧಾನದ ಆ ವಿಧಿಯ ಮೀಸಲಾತಿ ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ. ವಿಜಯಪುರ ಮುಂಬೈ ಪ್ರಾಂತ್ಯದಿಂದ ಬಂದ ಜಿಲ್ಲೆ, ಹಾಗಾಗಿ ಹೊರಗುಳಿಯಿತು. ಸಿಂದಗಿ, ತಾಳಿಕೋಟೆ ಗಡಿಯ ಮಕ್ಕಳಿಗೆ ಇದು ನೋವಿನ ಸಂಗತಿ, ಮಳೆಯೂ ಬರವೂ ಎರಡೂ ಕಡೆ ಒಂದೇ. ಇನ್ನೊಂದು ಗಡಿಯಲ್ಲಿ ಮಾತ್ರ ಬಾಗಿಲು ತೆರೆದಿದೆ. ಮಹಾರಾಷ್ಟ್ರದ ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಮಕ್ಕಳು ಗಡಿನಾಡ ಕನ್ನಡಿಗರೆಂದು ನಮ್ಮ ಸಿಇಟಿ ಬರೆಯಬಹುದು. ಅವರಿಗೆ 50 ಅಂಕದ ಕನ್ನಡ ಪರೀಕ್ಷೆ ಬೇರೆ ಇರುತ್ತದೆ. ಚಡಚಣದ ಆಚೆ ನೆಂಟರಿರುವವರು ಅವರಿಗೆ ಇದನ್ನು ತಿಳಿಸಬೇಕು.

ಪಾಲಕ: ಅಮೆರಿಕಾದಾಗ ಅಂಕ ಕೊಡೂದು ಬಿಡೂದು ಹುಡುಗೂರ ಇಷ್ಟ ಅಂತಾರಲ್ರಿ, ಅದು ಹೆಂಗ?

ಉಪನ್ಯಾಸಕ: ಅಲ್ಲಿ ಸ್ಯಾಟ್ ಎಂಬ ಪರೀಕ್ಷೆ ಇದೆ. ಅದರ ಅಂಕ ಕಡ್ಡಾಯವಲ್ಲ ಎಂದು ಬೋಡೊಯಿನ್ ಕಾಲೇಜು 1969ರಲ್ಲೇ ಹೇಳಿತು. 2020ರಲ್ಲಿ ಕೋವಿಡ್ ಬಂದಾಗ ಬಹುತೇಕ ಕಾಲೇಜುಗಳು ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆ ಅಂಕವನ್ನು ನೋಡುವುದನ್ನೇ ನಿಲ್ಲಿಸಿತು. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್‌ಮತ್ ಕಾಲೇಜೂ ಮಾಡಿತು. ಡಾರ್ಟ್‌ಮತ್ ಕೊಟ್ಟ ಕಾರಣ ನಮ್ಮ ಮಕ್ಕಳ ಪಾಲಕರು ಕೇಳಬೇಕಾದ್ದು. ಬಡ ಹಿನ್ನೆಲೆಯ ವಿದ್ಯಾರ್ಥಿಗಳು ತಮ್ಮ ಅಂಕ ಕಡಿಮೆ ಎಂದು ತಾವೇ ಅಂದುಕೊಂಡು ಸಲ್ಲಿಸದೆ ಬಿಡುತ್ತಿದ್ದರು. ಆ ಶಾಲೆಯಲ್ಲಿ, ಆ ಪರಿಸ್ಥಿತಿಯಲ್ಲಿ ಓದಿ ಪಡೆದ ಆ ಅಂಕಕ್ಕೆ ಕಾಲೇಜು ಬೆಲೆ ಕೊಡುತ್ತಿತ್ತು, ಸಲ್ಲಿಸಿದ್ದರೆ ಸೀಟು ಸಿಗುವ ಸಾಧ್ಯತೆ ಹೆಚ್ಚುತ್ತಿತ್ತು ಎಂದು ಅಲ್ಲಿನ ಅಧ್ಯಯನ ಕಂಡುಕೊಂಡಿತು. ಅಲ್ಲಿ ಸ್ಯಾಟ್ ಅಂಕ ಬಚ್ಚಿಟ್ಟವನು, ಇಲ್ಲಿ ರ‍್ಯಾಂಕ್ ನೋಡಿ ಆಪ್ಷನ್ ಎಂಟ್ರಿ ಬಿಟ್ಟವಳು, ಇಬ್ಬರೂ ತಮಗೆ ಅನುಕೂಲವಾಗಿದ್ದ ಅಂಕವನ್ನೇ ಕೈಬಿಟ್ಟರು.

ಪಾಲಕ: ಆಪ್ಷನ್ ಎಂಟ್ರಿದಾಗ ತಪ್ಪು ಕಾಲೇಜು ಸಿಕ್ರ ಸಿಕ್ಕಿಬೀಳ್ತೀವಿ ಅನ್ನೋ ಹೆದರಿಕಿನೂ ಅದರಿ.

ಉಪನ್ಯಾಸಕ: ಅದಕ್ಕಾಗಿಯೇ ಅಣಕು ಸೀಟು ಹಂಚಿಕೆ ಇದೆ. ಅದರಲ್ಲಿ ಬಂದ ಫಲ ನೋಡಿ ಆಯ್ಕೆಗಳನ್ನು ಮೇಲೆ ಕೆಳಗೆ ಮಾಡಬಹುದು. ನಿಜವಾದ ಹಂಚಿಕೆ ಆದ ಮೇಲೂ ನಾಲ್ಕು ದಾರಿ ಇರುತ್ತದೆ. ಛಾಯ್ಸ್ 1: ಸೀಟು ಒಪ್ಪಿ ಶುಲ್ಕ ಕಟ್ಟಿ ಕಾಲೇಜು ಸೇರುವುದು. ಛಾಯ್ಸ್ 2: ಸಿಕ್ಕಿದ್ದನ್ನು ಹಿಡಿದುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಕಾಯುವುದು. ಛಾಯ್ಸ್ 3: ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಛಾಯ್ಸ್ 4: ಪೂರ್ತಿ ಹೊರಬರುವುದು. ಸಿಕ್ಕ ಸೀಟು ಒಪ್ಪಬಹುದಾದ್ದಿದ್ದು ಇನ್ನೂ ಒಳ್ಳೆಯದರ ಆಸೆ ಇದ್ದವರಿಗೆ ಎರಡನೆಯದೇ ತಕ್ಕದ್ದು. ಛಾಯ್ಸ್ 2 ಕೊಟ್ಟು ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ಆದ್ದರಿಂದ ನಿಜಕ್ಕೂ ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯ ಮೇಲಿಡಬಾರದು. ಎರಡನೇ ಪರೀಕ್ಷೆಯ ಅಂಕದ ವಿಷಯದಲ್ಲಿ ಹೇಳಿದ್ದು ಇಲ್ಲಿಗೂ ಅನ್ವಯ: ಆ ವರ್ಷದ ಪ್ರಕಟಣೆ ಓದದೆ ಗುಂಡಿ ಒತ್ತಬಾರದು.

ಪಾಲಕ: ಹಂಗಾದ್ರ ನಮ್ಮಂಥವರು ಏನು ಮೊದಲು ಮಾಡಬೇಕ್ರಿ?

ಉಪನ್ಯಾಸಕ: ಮಗ ಅಥವಾ ಮಗಳು ದ್ವಿತೀಯ ಪಿಯುಸಿಗೆ ಕಾಲಿಟ್ಟ ವರ್ಷದ ದಸರಾ ರಜೆಯೊಳಗೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಸಹಿ, ಶಿಕ್ಷಣಾಧಿಕಾರಿಯ ಸಹಿ ಮಾಡಿಸಿ ಇಟ್ಟುಕೊಳ್ಳಿ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ಸಿಇಟಿ ಅರ್ಜಿಯನ್ನು ಸೈಬರ್ ಅಂಗಡಿಯವರಿಗೆ ಪೂರ್ತಿ ಬಿಡದೆ ಗ್ರಾಮೀಣ, ಕನ್ನಡ ಮಾಧ್ಯಮ, ರೈತ ಕೋಟಾದ ಕಾಲಂಗಳನ್ನು ಪಕ್ಕದಲ್ಲಿ ಕುಳಿತು ತುಂಬಿಸಿ. ರ‍್ಯಾಂಕ್ ಎಷ್ಟೇ ಬರಲಿ, ಕೊನೆಯ ಸುತ್ತಿನ ಹಂಚಿಕೆ ಮುಗಿಯುವವರೆಗೆ ಮಕ್ಕಳನ್ನು ಕಣದಿಂದ ಹಿಂದೆ ಕರೆಯಬೇಡಿ.